ಲಂಕೆಗೆ ಹೋಗಲು ಯಾವ ತಿಂಗಳು? ಮೊದಲು ತೋಟವನ್ನು ಕೇಳಿ

‘ಫಾರಿನ್ನಿಗೆ ಹೋಗಿ ಬಂದಿರಂತಲ್ಲ, ಹೋಗ್ಲಿಕ್ಕೆ ಯಾವ ತಿಂಗಳು ಒಳ್ಳೆಯದು?’

ಸೊಸೈಟಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಈ ಪ್ರಶ್ನೆ ಕೇಳಿದವರು ಇಪ್ಪತ್ತು ಮಂದಿಯಾದರೂ ಇದ್ದಾರೆ. ನಿಂತಲ್ಲೇ ಉತ್ತರ ಹೇಳಿದರೆ ಅದು ಅರ್ಧ ಉತ್ತರ. ನಾವು ಗಂಡ-ಹೆಂಡತಿ ಶ್ರೀಲಂಕಾಕ್ಕೆ ಎರಡು ಸಲ ಹೋಗಿ ಬಂದೆವು. 2018ರಲ್ಲಿ ಹೋದದ್ದು ತಪ್ಪು ಕಾಲದಲ್ಲಿ. 2024ರಲ್ಲಿ ಹೋದದ್ದು ಸರಿಯಾದ ಕಾಲದಲ್ಲಿ. ತಪ್ಪು ಕಾಲಕ್ಕೆ ನಾನು ಕೊಟ್ಟ ದಂಡ 11 ಕ್ವಿಂಟಾಲ್ ಚಾಲಿ ಅಡಿಕೆ. ಬೇರೆಯವರಿಗೆ ಈ ದಂಡ ಬೀಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸುಳ್ಯ ತಾಲೂಕಿನಲ್ಲಿ ಎರಡೂವರೆ ಎಕ್ರೆ ಅಡಿಕೆ ತೋಟ. ನಡುವೆ ಕಾಳುಮೆಣಸು, ಒಂದಿಷ್ಟು ಬಾಳೆ, ಹಟ್ಟಿಯಲ್ಲಿ ಒಂದು ದನ. ಸಾಧಾರಣ ವರ್ಷದಲ್ಲಿ 25 ಕ್ವಿಂಟಾಲ್ ಚಾಲಿ ಆಗ್ತದೆ.

ಆಟಿಯ ಹೊಳವು ಪಾಸ್‌ಪೋರ್ಟಿಗೆ ಹೋಯಿತು

2018ರಲ್ಲಿ ಹೊರಟದ್ದು ಒಂದು ಟೂರ್ ಪಾರ್ಟಿಯ ಜೊತೆ. ಆಗಸ್ಟಿನಲ್ಲಿ ಕ್ಯಾಂಡಿಯ ಪೆರಹೆರ ಉತ್ಸವ, ಅಲಂಕರಿಸಿದ ಆನೆಗಳ ಮೆರವಣಿಗೆ, ನೋಡಲೇಬೇಕು ಎಂದರು. 6 ದಿನ, 7 ಊರು, ತಲೆಗೆ 52 ಸಾವಿರ. ನನಗೂ ಲೆಕ್ಕ ಸರಿ ಕಂಡಿತು. ಆಗಸ್ಟಿನಲ್ಲಿ ತೋಟಕ್ಕೆ ನೀರು ಬಿಡುವ ಕೆಲಸವಿಲ್ಲ, ಕೊಯ್ಲಿಲ್ಲ, ಅಂಗಳದಲ್ಲಿ ಅಡಿಕೆಯಿಲ್ಲ. ‘ಮಳೆಗಾಲದಲ್ಲಿ ಕೃಷಿಕನಿಗೆ ಪುರುಸೊತ್ತು’ ಎಂದು ನಾನೇ ನನಗೆ ಹೇಳಿಕೊಂಡೆ.

ಮರೆತದ್ದು ಮದ್ದಿನ ಸುದ್ದಿ. ಆ ವರ್ಷ ಜೂನ್ ಮೊದಲಿಗೇ ಬೋರ್ಡೋ ಒಂದು ಸುತ್ತು ಬಿಟ್ಟಾಗಿತ್ತು. 40-45 ದಿನಕ್ಕೆ ಎರಡನೆಯದು ಆಗಬೇಕು. ಜುಲೈಯಲ್ಲಿ ಮಳೆ ಬಿಡದೆ ಅರ್ಧ ತೋಟಕ್ಕೆ ಮಾತ್ರ ಸಿಕ್ಕಿತು. ಆಗಸ್ಟ್ ಮೊದಲ ವಾರ ಎರಡು ಹಗಲು ಹೊಳವಾಯಿತು. ಆಚೆಮನೆಯವರು ಆ ಎರಡು ದಿನದಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಮದ್ದು ಬಿಟ್ಟು ಮುಗಿಸಿದರು. ನಾನು ಆ ಎರಡು ದಿನ ಪಾಸ್‌ಪೋರ್ಟ್ ಜೆರಾಕ್ಸ್, ಬ್ಯಾಂಕು, ಹೊಸ ಚಪ್ಪಲಿ ಎಂದು ಪೇಟೆಯಲ್ಲಿದ್ದೆ. ‘ಬಂದ ಮೇಲೆ ಬಿಟ್ಟರಾಯಿತು, ಹೆಚ್ಚೆಂದರೆ ಹತ್ತು ದಿನ’ ಎಂದು ಎಣಿಸಿದೆ.

12ನೇ ತಾರೀಕಿಗೆ ಮನೆ ಬಿಟ್ಟೆವು. ಮುಂದಿನದ್ದು ನಿಮಗೆಲ್ಲ ಗೊತ್ತೇ ಉಂಟು. ಆ ವಾರ ಕೊಡಗಿನಲ್ಲಿ ಗುಡ್ಡ ಜರಿಯಿತು, ನಮ್ಮ ಗಡಿಯ ಜೋಡುಪಾಲದಲ್ಲಿ ಮನೆಗಳೇ ಹೋದವು, ಸಂಪಾಜೆ ಘಾಟಿ ಮುಚ್ಚಿತು. ನಾವು ಆಗ ಕ್ಯಾಂಡಿಯ ರಸ್ತೆ ಬದಿಯಲ್ಲಿ ಆನೆ ನೋಡುತ್ತಾ ನಿಂತಿದ್ದೆವು. ಮನೆಯಲ್ಲಿದ್ದದ್ದು ಅಮ್ಮ ಮತ್ತು ಪಿಯುಸಿಯ ಮಗ. ಎರಡು ದಿನ ಫೋನು ಹತ್ತಲಿಲ್ಲ. ಆನೆ ಎಷ್ಟಿತ್ತು, ದೀಪ ಹೇಗಿತ್ತು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ಫೋನು ಕಿವಿಗೆ ಹಿಡಿದದ್ದು ಮಾತ್ರ ನೆನಪುಂಟು.

ಬೆಂಗಳೂರಿಗೆ ಇಳಿದು, ಸುತ್ತುದಾರಿ ಹಿಡಿದು ಮನೆ ಮುಟ್ಟುವಾಗ ತೋಟದೊಳಗೆ ಕಾಲಿಡಲು ಜಾಗವಿಲ್ಲ. ಬುಡದಲ್ಲೆಲ್ಲ ಎಳೆ ಅಡಿಕೆ ಹಾಸಿತ್ತು, ಮೇಲೆ ಬಿಳಿ ಬೂಷ್ಟು. ಆ ವರ್ಷ ಕೊಳೆ ಎಲ್ಲರಿಗೂ ಬಂದಿದೆ, ಸುಳ್ಳಲ್ಲ. ಮದ್ದು ಬಿಟ್ಟ ಆಚೆಮನೆಯವರಿಗೂ ನಷ್ಟವಾಗಿದೆ. ಆದರೆ ಅವರದ್ದು ನಾಲ್ಕರಲ್ಲಿ ಒಂದು ಪಾಲು ಹೋಯಿತು. ನನ್ನ 25 ಕ್ವಿಂಟಾಲ್ 14ಕ್ಕೆ ಇಳಿಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಬೇಸರ.

ಲಂಕೆಗೆ ಎರಡು ಮಳೆಗಾಲ

ಆಮೇಲೆ ಕೂತು ಯೋಚಿಸಿದೆ. ನಾನು ನೋಡಿದ್ದು ಒಂದೇ ಕ್ಯಾಲೆಂಡರು, ಅದೂ ಟೂರಿನವರದ್ದು. ನೋಡಬೇಕಾದದ್ದು ಎರಡು: ನನ್ನ ತೋಟದ್ದು ಒಂದು, ಹೋಗುವ ಊರಿನ ಮಳೆಯದ್ದು ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಎಲ್ಲಿ ಸಂದಿ ಕಾಣುತ್ತದೋ ಅದೇ ನಮ್ಮ ಕಾಲ.

ಶ್ರೀಲಂಕಾ ಸಣ್ಣ ದೇಶ. ಕರ್ನಾಟಕದ ಮೂರನೇ ಒಂದು ಪಾಲಿನಷ್ಟು ಜಾಗ. ಉದ್ದ ಸುಮಾರು 430 ಕಿ.ಮೀ., ಅಗಲ 225. ಆದರೆ ಮಳೆಯ ಲೆಕ್ಕದಲ್ಲಿ ಎರಡು ದೇಶ ಎನ್ನಬೇಕು. ನಡುವೆ ಗುಡ್ಡಗಳ ಸಾಲು, ಎತ್ತರದ ಶಿಖರ 2524 ಮೀಟರ್. ನಮ್ಮ ಘಟ್ಟ ಏನು ಮಾಡುತ್ತದೋ ಆ ಗುಡ್ಡಗಳೂ ಅದನ್ನೇ ಮಾಡುತ್ತವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬಂದು ಪಡುವಣ ಇಳಿಜಾರಿಗೆ ಹೊಯ್ಯುತ್ತದೆ. ಕೊಲಂಬೊ, ಗಾಲೆ, ರತ್ನಪುರ ಒದ್ದೆಯಾಗುವಾಗ ಮೂಡಣದ ಮಟ್ಟಕಳಪ್ಪು, ತಿರುಕೋಣಮಲೆಯಲ್ಲಿ ಒಣಗಾಳಿ. ಸುಳ್ಯದಲ್ಲಿ ಕೊಡೆ ಹಿಡಿದವ ಘಟ್ಟ ಹತ್ತಿ ಹಾಸನದಾಚೆ ಕೊಡೆ ಮಡಚುತ್ತಾನಲ್ಲ, ಹಾಗೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಇದು ತಿರುಗುತ್ತದೆ. ಈಶಾನ್ಯದ ಮಾರುತ ಮೂಡಣ ಮತ್ತು ಬಡಗಣ ಭಾಗಕ್ಕೆ ಮಳೆ ತರುತ್ತದೆ, ಪಡುವಣ ಕಡಲತೀರ ಒಣಗುತ್ತದೆ. ಈ ಎರಡರ ನಡುವೆ ಮಾರ್ಚ್-ಏಪ್ರಿಲ್ ಮತ್ತು ಅಕ್ಟೋಬರ್-ನವೆಂಬರ್ ಸಂಧಿಕಾಲ. ಆಗ ಮಧ್ಯಾಹ್ನ ಮೇಲೆ ಗುಡುಗು ಮಳೆ, ಎಲ್ಲ ಕಡೆಗೂ ಬರಬಹುದು. ಅವರ ಭತ್ತವೂ ಇದಕ್ಕೆ ಹೊಂದಿಕೊಂಡಿದೆ. ದೊಡ್ಡ ಬೆಳೆ ‘ಮಹಾ’, ಸೆಪ್ಟೆಂಬರ್ ಕೊನೆ-ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ-ಮಾರ್ಚಿಗೆ ಕೊಯ್ಲು. ಸಣ್ಣ ಬೆಳೆ ‘ಯಲ’, ಏಪ್ರಿಲ್-ಮೇಯಲ್ಲಿ ಬಿತ್ತಿ ಆಗಸ್ಟ್-ಸೆಪ್ಟೆಂಬರಿಗೆ ಕೊಯ್ಲು.

ಆದ್ದರಿಂದ ‘ಶ್ರೀಲಂಕಾಕ್ಕೆ ಯಾವ ತಿಂಗಳು?’ ಎಂದು ಕೇಳಿದರೆ ಉತ್ತರವಿಲ್ಲ. ‘ಶ್ರೀಲಂಕಾದ ಯಾವ ಬದಿಗೆ ಯಾವ ತಿಂಗಳು?’ ಎಂದು ಕೇಳಬೇಕು. ಹೆಚ್ಚುಕಡಿಮೆ ವರ್ಷದ ಯಾವ ತಿಂಗಳಲ್ಲೂ ಅದರ ಒಂದು ಬದಿ ಒಣಗಿಯೇ ಇರುತ್ತದೆ. ಕೃಷಿಕರಿಗೆ ಇದು ದೊಡ್ಡ ಅನುಕೂಲ. ಕಾಲಕ್ಕೆ ತಕ್ಕಂತೆ ನಾವು ಬಿಡುವು ಮಾಡಿಕೊಳ್ಳಬೇಕಾಗಿಲ್ಲ. ಬಿಡುವಿಗೆ ತಕ್ಕಂತೆ ಬದಿ ಆರಿಸಿಕೊಳ್ಳಬಹುದು.

ತೋಟ ನಮ್ಮನ್ನು ಬಿಡುವುದು ಯಾವಾಗ?

ಇನ್ನು ನಮ್ಮ ತೋಟದ ಕ್ಯಾಲೆಂಡರು. ಅಡಿಕೆಯವರದ್ದನ್ನು ಹೇಳುತ್ತೇನೆ, ಉಳಿದವರು ತಮ್ಮ ಬೆಳೆಗೆ ಹೊಂದಿಸಿಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು ಮತ್ತು ಅಂಗಳ. ಡಿಸೆಂಬರಿನಿಂದ ಮೇವರೆಗೆ ನೀರು. ಪಂಪು ಕೈಕೊಟ್ಟರೆ ಅದೇ ದಿನ ಸರಿಯಾಗಬೇಕು. ಜನವರಿ-ಫೆಬ್ರವರಿ ಮೆಣಸು. ಮೇ ಕೊನೆ-ಜೂನ್ ಮೊದಲಿಗೆ ಒಂದನೇ ಮದ್ದು, ಜುಲೈ ನಡುವಿಗೆ ಎರಡನೆಯದು, ಮಳೆ ಹಿಡಿದರೆ ಆಗಸ್ಟ್ ಕೊನೆಗೆ ಮೂರನೆಯದು. ಹೀಗೆ ಗೀಟು ಹಾಕುತ್ತಾ ಬಂದರೆ ಖಾಲಿ ಉಳಿಯುವುದು ಒಂದೇ ತುಂಡು: ಸೋಣ ಮುಗಿಯುವ ಹೊತ್ತಿನಿಂದ ಅಕ್ಟೋಬರ್ ನಡುವಿನವರೆಗೆ. ಮದ್ದು ಮುಗಿದಿರುತ್ತದೆ, ಕೊನೆ ಬಲಿತಿರುತ್ತದೆ, ನೆಲದಲ್ಲಿ ಹಸಿ ಇರುತ್ತದೆ, ಮೊದಲ ಕೊಯ್ಲಿಗೆ ಸಮಯವಿರುತ್ತದೆ. ಹುಲ್ಲು ಹೆರೆಯುವುದು, ಗೊಬ್ಬರ ಹಾಕುವುದು ಹದಿನೈದು ದಿನ ತಡವಾದರೂ ಮರ ಕೋಪಿಸಿಕೊಳ್ಳುವುದಿಲ್ಲ.

ಅದರೊಳಗೂ ಮನೆಯ ಲೆಕ್ಕ ಇರುತ್ತದೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು. ಮಹಾಲಯದ ಅಷ್ಟಮಿಗೆ ಅಪ್ಪನ ತಿಥಿ, ಆವಾಗ ನಾನು ಮನೆಯಲ್ಲಿರಲೇಬೇಕು. ಹಟ್ಟಿಯ ದನ ಗಬ್ಬ, ಹಾಲು ಬತ್ತಿಸಿ ಆಗಿತ್ತು, ಕರು ಹಾಕುವುದು ಅಕ್ಟೋಬರ್ ಕೊನೆಗೆ. ಕರೆಯುವ ಕೆಲಸವೇ ಇಲ್ಲ, ಹುಲ್ಲು-ನೀರು ಕೊಟ್ಟರೆ ಸಾಕು. ಮನೆಯಾಕೆ ಹೇಳಿದಳು, ‘9ಕ್ಕೆ ಹೊರಟು 20ಕ್ಕೆ ಬರುವ’. ಅದೇ ಸರಿ ಎನಿಸಿತು.

ಅಲ್ಲಿಯ ಬದಿಯಲ್ಲಿ ನೋಡಿದರೆ ಸೆಪ್ಟೆಂಬರ್ ನಡು ಎಂದರೆ ಮೂಡಣ ಇನ್ನೂ ಒಣ, ಯಲ ಕೊಯ್ಲಿನ ಕೊನೆ. ಗುಡ್ಡದ ಕಡೆ ಅಲ್ಪ ಸ್ವಲ್ಪ ಮಳೆ. ಪೆರಹೆರದ ಗದ್ದಲ ಮುಗಿದಿರುತ್ತದೆ. ಕಡಲತೀರಕ್ಕೆ ವಿದೇಶದವರು ತುಂಬುವುದು ಡಿಸೆಂಬರಿನಿಂದ, ಅದಕ್ಕೆ ಇನ್ನೂ ಎರಡೂವರೆ ತಿಂಗಳುಂಟು. ಹಾಗಾಗಿ ಕೋಣೆ ಸುಲಭದಲ್ಲಿ, ಕಡಿಮೆಗೆ ಸಿಗುತ್ತದೆ. 2018ರಲ್ಲಿ ಕ್ಯಾಂಡಿಯಲ್ಲಿ ಉತ್ಸವದ ರಾತ್ರಿ ಒಂದು ಕೋಣೆಗೆ ಕೇಳಿದ ದುಡ್ಡಿನಲ್ಲಿ ಈ ಸಲ ನಾಲ್ಕು ರಾತ್ರಿ ಕಳೆದೆವು.

12 ದಿನ, 2 ಊರು

ಈ ಸಲ ಊರೂರು ಓಡುವುದಿಲ್ಲ ಎಂದು ನಿಶ್ಚಯಿಸಿದ್ದೆವು. ಎರಡೇ ಕಡೆ ಉಳಿದೆವು. ಮೊದಲು ಮಾತಲೆ ಹತ್ತಿರದ ಒಂದು ಹಳ್ಳಿಮನೆ, ಆಮೇಲೆ ಮಟ್ಟಕಳಪ್ಪು. ಎರಡರಲ್ಲೂ ಮನೆಯವರೇ ಕೋಣೆ ಬಾಡಿಗೆಗೆ ಕೊಡುವವರು. ಬೆಳಗ್ಗಿನ ತಿಂಡಿ ಸೇರಿ ದಿನಕ್ಕೆ ಅವರ 6 ಸಾವಿರ ರೂಪಾಯಿ, ನಮ್ಮ ಲೆಕ್ಕದಲ್ಲಿ 1700ರ ಹತ್ತಿರ.

ಮಾತಲೆಯ ಆ ಮನೆಯ ಹಿತ್ತಿಲು ನೋಡಿ ನನಗೆ ಹೊರಗೆ ಬರಲು ಮನಸ್ಸಾಗಲಿಲ್ಲ. ಕ್ಯಾಂಡಿ ಕಡೆಯ ಮನೆತೋಟ ಎಂದರೆ ಸಾಲು ಇಲ್ಲ, ಅಳತೆ ಇಲ್ಲ. ಗ್ಲಿರಿಸಿಡಿಯಕ್ಕೆ ಮೆಣಸಿನ ಬಳ್ಳಿ, ನಡುವೆ ಜಾಯಿಕಾಯಿ, ಲವಂಗ, ಹಲಸು, ತೆಂಗು, ಕಾಫಿ. ಅಡಿಕೆ ಮರ ಅಲ್ಲಲ್ಲಿ, ಗುಂಪಿನಲ್ಲಿ ತಲೆ ಎತ್ತಿ ನಿಂತದ್ದು. ಅವರು ಅದನ್ನು ‘ಪುವಕ್’ ಎನ್ನುತ್ತಾರೆ. ಯಜಮಾನರಿಗೆ ಅರ್ಧ ತಮಿಳು, ನನಗೆ ಅರ್ಧ ತಮಿಳು, ಸೇರಿ ಒಂದಾಯಿತು. ಅಡಿಕೆಗೆ ಮದ್ದು ಬಿಡುತ್ತೀರಾ ಎಂದು ಕೇಳಿದೆ. ನಕ್ಕರು. ಹತ್ತು ಬೆಳೆಯಲ್ಲಿ ಅದೊಂದು, ಬಿದ್ದರೆ ಹೆಕ್ಕುವುದು. ನನ್ನ 11 ಕ್ವಿಂಟಾಲ್ ಕತೆ ಹೇಳಿದಾಗ ಅವರು ಸುಮ್ಮನೆ ಕೂತರು. ಆಮೇಲೆ ಹೇಳಿದ್ದು ಇಷ್ಟು: ಅವರ ಹಿತ್ತಿಲು ಅವರನ್ನು ಪೂರ್ತಿ ಸಾಕುವುದಿಲ್ಲ, ಆದರೆ ಒಮ್ಮೆಲೆ ಪೂರ್ತಿ ಕೈಬಿಡುವುದೂ ಇಲ್ಲ.

ಅಲ್ಲಿ ಐದು ದಿನ ಇದ್ದುದರಿಂದಲೇ ಬೈನೆ ಮರದ ಕೆಲಸ ನೋಡಲಿಕ್ಕೆ ಸಿಕ್ಕಿತು. ನಮ್ಮಲ್ಲಿ ಬೈನೆ ಆನೆಗೆ ಮೇವು, ಇಲ್ಲವಾದರೆ ಕಾಡುಮರ. ಅಲ್ಲಿ ಅದು ‘ಕಿತುಲ್’. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ಹೂಗೊಂಚಲು ಕೊಯ್ದು ಸಿಹಿರಸ ಇಳಿಸುತ್ತಾರೆ, ಕಾಸಿ ಜೋನಿ ಮತ್ತು ಬೆಲ್ಲ ಮಾಡುತ್ತಾರೆ. ಎಮ್ಮೆ ಮೊಸರಿಗೆ ಆ ಜೋನಿ ಹಾಕಿ ಕೊಟ್ಟರು. ಊಟದ ಕೊನೆಗೆ ಮನೆಯಾಕೆ ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದು ನನ್ನ ಕಣ್ಣಾರೆ ಕಂಡದ್ದು. 6 ದಿನದಲ್ಲಿ 7 ಊರು ಓಡಿದಾಗ ಇದನ್ನು ಬಸ್ಸಿನ ಕಿಟಕಿಯಿಂದ ಒಂದು ಅಂಗಡಿಯ ಬೋರ್ಡಿನಲ್ಲಿ ಓದಿದ್ದೆ, ಅಷ್ಟೆ.

ನಾವಿದ್ದಾಗಲೇ ಅಲ್ಲಿಯ ಹುಣ್ಣಿಮೆ ಬಂತು. ಪ್ರತಿ ಹುಣ್ಣಿಮೆಯೂ ಅಲ್ಲಿ ಸರಕಾರಿ ರಜೆ, ‘ಪೋಯ’ ಎನ್ನುತ್ತಾರೆ. ಕಚೇರಿ, ಬ್ಯಾಂಕು ಇಲ್ಲ, ಹೆಂಡದಂಗಡಿ ಇಲ್ಲ, ಜನ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತಾರೆ. ಓಡುವ ಪ್ರವಾಸದಲ್ಲಿ ಇದು ಒಂದು ದಿನ ಹಾಳು. ನಮಗೆ ಅದು ಒಳ್ಳೆಯ ದಿನ. ಮನೆಯವರೊಟ್ಟಿಗೆ ನಡೆದುಹೋಗಿ ಬಂದೆವು.

ಅಲ್ಲಿಂದ ದಂಬುಲ್ಲ, ಹಬರಣ, ಪೊಲನ್ನರುವ ದಾರಿಯಾಗಿ ಬಸ್ಸಿನಲ್ಲಿ ಮೂಡಣಕ್ಕೆ ಇಳಿದೆವು. ಪೊಲನ್ನರುವದ ಪರಾಕ್ರಮ ಸಮುದ್ರ ಹೆಸರಿಗೆ ಸಮುದ್ರ, ನಿಜಕ್ಕೆ ಕೆರೆ. 12ನೇ ಶತಮಾನದಲ್ಲಿ ಪರಾಕ್ರಮಬಾಹು ರಾಜ ಕಟ್ಟಿಸಿದ್ದು, ಈಗಲೂ ಗದ್ದೆಗೆ ನೀರು ಕೊಡುತ್ತಿದೆ. ನಾವು ನೋಡುವಾಗ ನೀರು ಇಳಿದು ಅಂಚಿನಲ್ಲಿ ಹುಲ್ಲು ಬಂದಿತ್ತು. ಜನವರಿಯಲ್ಲಿ ಹೋದವರು ತುಂಬಿದ ಕೆರೆಯ ಚಿತ್ರ ತರುತ್ತಾರೆ. ನಮಗೆ ಸಿಕ್ಕಿದ್ದು ಒಂದು ಬೆಳೆಗೆ ನೀರು ಕೊಟ್ಟು ಬಳಲಿದ ಕೆರೆ. ಕೃಷಿಕನಿಗೆ ಅದೂ ನೋಡುವಂಥದ್ದೇ.

ಮಟ್ಟಕಳಪ್ಪಿನಲ್ಲಿ ಬಿಸಿಲು ಚುರುಕು. ಭತ್ತ ಕೊಯ್ದು ರಸ್ತೆ ಬದಿಯಲ್ಲಿ ಒಣಹಾಕಿದ್ದರು. ಒಂದು ಸಂಜೆ ಗುಡುಗಿ ನಾಲ್ಕು ಹನಿ ಬಿತ್ತು, ಇಡೀ ಬೀದಿ ಓಡಿ ಬಂದು ಭತ್ತ ರಾಶಿ ಮಾಡಿತು. ನಾನೂ ಒಂದು ಹಲಗೆ ಹಿಡಿದು ಸೇರಿಕೊಂಡೆ. ಅಂಗಳದಲ್ಲಿ ಅಡಿಕೆ ಹರಗಿದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅದರ ನಂತರವೇ ಆ ಬೀದಿಯವರು ನಮ್ಮೊಡನೆ ಬಾಯಿಬಿಟ್ಟು ಮಾತಾಡಿದ್ದು. 2021ರ ಮೇಯಲ್ಲಿ ಅಲ್ಲಿಯ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೆ ನಿಲ್ಲಿಸಿತ್ತು, ನವೆಂಬರಿನಲ್ಲಿ ಹಿಂದೆ ತೆಗೆದುಕೊಂಡಿತು. ಅಷ್ಟರಲ್ಲಿ ಬಿತ್ತನೆಯ ಹೊತ್ತು ಮೀರಿತ್ತು. ಆ ಮಹಾ ಬೆಳೆಯಲ್ಲಿ ತನ್ನ ಗದ್ದೆ ಅರ್ಧಕ್ಕೆ ಇಳಿಯಿತು ಎಂದು ಒಬ್ಬರು ಹೇಳಿದರು. ಸಾವಯವ ಬೇಡವೆಂದಲ್ಲ, ಬಿತ್ತುವ ಕಾಲಕ್ಕೆ ಮೊದಲು ಹೇಳಬೇಕಿತ್ತು ಎಂಬುದು ಅವರ ಮಾತು. ಅದು ನನಗೆ ನಾಟಿತು.

ಇಬ್ಬರಿಗೆ 12 ದಿನಕ್ಕೆ ವಿಮಾನ, ವೀಸಾ, ಕೋಣೆ, ಊಟ, ಬಸ್ಸು ಎಲ್ಲ ಸೇರಿ 90 ಸಾವಿರ ಆಯಿತು. ಮೊದಲಿನ 6 ದಿನಕ್ಕೆ 1 ಲಕ್ಷ 4 ಸಾವಿರ ಆಗಿತ್ತು, ಕೊಳೆಯ ಲೆಕ್ಕ ಬೇರೆ.

ನಿಮ್ಮ ಬಿಡುವು ಯಾವಾಗ?

ಬಿಡುವಿನ ತಿಂಗಳು ಎಲ್ಲರಿಗೂ ಒಂದೇ ಅಲ್ಲ. ನನಗೆ ಗೊತ್ತಾದಷ್ಟು ಹೇಳುತ್ತೇನೆ.

ಫೆಬ್ರವರಿ-ಮಾರ್ಚ್: ಮಳೆ ನಂಬಿ ಭತ್ತ ಮಾಡುವವರಿಗೆ ಆಗ ಪುರುಸೊತ್ತು. ಲಂಕೆಯ ತೆಂಕಣ-ಪಡುವಣ ತೀರ ಮತ್ತು ಗುಡ್ಡಗಳಿಗೆ ಒಳ್ಳೆಯ ಕಾಲ. ಆದರೆ ದರ ಹೆಚ್ಚು, ಕೋಣೆ ಮೊದಲೇ ಹೇಳಿಡಬೇಕು.

ಏಪ್ರಿಲ್: ನಮ್ಮ ಬಿಸುವಿನ ಹೊತ್ತಿಗೇ, 13-14ಕ್ಕೆ, ಅವರಿಗೂ ಹೊಸ ವರ್ಷ. ಎಲ್ಲರೂ ಊರಿಗೆ ಹೋಗುತ್ತಾರೆ. ಬಸ್ಸು-ರೈಲು ಭರ್ತಿ, ಅಂಗಡಿ ಕೆಲವು ದಿನ ಬಾಗಿಲು. ಆ ವಾರ ಬಿಟ್ಟುಬಿಡಿ.

ಮೇ-ಜೂನ್: ಪಡುವಣದಲ್ಲಿ ಮಳೆ ಹಿಡಿಯುವ ಕಾಲ. 2016ರ ಮೇಯಲ್ಲಿ ಅರನಾಯಕೆಯಲ್ಲಿ ಗುಡ್ಡ ಕುಸಿದು ಹಳ್ಳಿಗಳೇ ಮುಚ್ಚಿಹೋದವು. ಹೋಗುವುದಾದರೆ ಮೂಡಣಕ್ಕೆ ಹೋಗಿ. ಅಡಿಕೆಯವರಂತೂ ಮೈಲುತುತ್ತು-ಸುಣ್ಣ ಬಿಟ್ಟು ಹೊರಡಬಾರದು.

ಜುಲೈ-ಆಗಸ್ಟ್: ಮೂಡಣ ಚೆನ್ನ. ಪೆರಹೆರ ಬೇಕಾದರೆ ಆಗಲೇ. ಎರಡನೇ ಮದ್ದು ಪೂರ್ತಿಯಾಗದೆ ಬೇಡ, ನನ್ನನ್ನು ನೋಡಿ ಕಲಿಯಿರಿ.

ಅಕ್ಟೋಬರ್ ಕೊನೆ-ನವೆಂಬರ್: ಬೇಡ. ಬಂಗಾಳಕೊಲ್ಲಿಯ ಚಂಡಮಾರುತದ ಕಾಲ.

ಈ ಕೊನೆಯ ಮಾತನ್ನು ಪುಸ್ತಕ ನೋಡಿ ಬರೆದದ್ದಲ್ಲ. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಲಂಕೆಗೆ ಹೊಡೆಯಿತು. ನಡುನಾಡಿನ ಗುಡ್ಡಗಳು ಜರಿದು ನೂರಾರು ಜನ ಸತ್ತರು. ಮಾತಲೆ ಕಡೆಗೂ ಏಟು ಬಿತ್ತು. ಟಿವಿಯಲ್ಲಿ ನೋಡಿ ಆ ಮನೆಗೆ ಫೋನು ಮಾಡಿದೆ, ಹತ್ತಲಿಲ್ಲ. 2018ರಲ್ಲಿ ಅಲ್ಲಿಂದ ಇಲ್ಲಿಗೆ ಮಾಡಿದ ಹಾಗೆ ಈಗ ಇಲ್ಲಿಂದ ಅಲ್ಲಿಗೆ. ಐದನೇ ದಿನ ಅವರೇ ಮಾಡಿದರು. ಮನೆ ಉಳಿದಿದೆ, ಜನ ಕ್ಷೇಮ, ಹಿಂದಿನ ಗುಡ್ಡದ ಮೆಣಸು ಗ್ಲಿರಿಸಿಡಿಯ ಸಮೇತ ಕೆಳಗೆ ಬಂದಿದೆ ಎಂದರು. ಅಡಿಕೆ ನಿಂತಿದೆಯಾ ಎಂದು ಕೇಳಿದೆ. ‘ಪುವಕ್ ನಿಂತಿದೆ’ ಎಂದರು.

ತೋಟ ಯಾರಿಗೆ ಒಪ್ಪಿಸಿದಿರಿ?

ಇದನ್ನೂ ಎಲ್ಲರೂ ಕೇಳುತ್ತಾರೆ. ಸಂಬಳದ ಆಳಿಗೆ ಒಪ್ಪಿಸಿ ಹೋದರೆ ಮನಸ್ಸು ನಿಲ್ಲುವುದಿಲ್ಲ. ನಾವು ಮಾಡಿದ್ದು ಹಳೆಯ ಮುಯ್ಯಾಳಿನ ಕ್ರಮ. 2024ರಲ್ಲಿ ಮೂರನೇ ಮದ್ದನ್ನು ದೋಟಿಯಲ್ಲಿ ನೆಲದಿಂದಲೇ ಬಿಡುವ ತಂಡ ಕರೆಸಿ ಆಗಸ್ಟ್ 28ಕ್ಕೇ ಮುಗಿಸಿದೆ. ಆಚೆಮನೆಯವರು ದಿನಕ್ಕೊಮ್ಮೆ ತೋಟಕ್ಕೆ ಇಳಿದು ಬಂದರು, ದನಕ್ಕೆ ಹುಲ್ಲು ಹಾಕಿದರು, ರಾತ್ರಿ ಅಮ್ಮನ ಜೊತೆಗೆ ಅವರ ಮಗಳು ಬಂದು ಮಲಗಿದಳು. ಮಳೆ ಏನಾದರೂ ಜೋರು ಹಿಡಿದರೆ ಇನ್ನೊಂದು ಸುತ್ತು ಬಿಡಿಸಲು ತಂಡದವರ ನಂಬರು, ಅಳೆದಿಟ್ಟ ಮೈಲುತುತ್ತು, ಸುಣ್ಣ, ದುಡ್ಡು ಎಲ್ಲ ಅವರ ಕೈಯಲ್ಲಿತ್ತು. ಬೇಕಾಗಲಿಲ್ಲ.

20ರ ರಾತ್ರಿ ಹೊರಟು ಮರುದಿನ ಮನೆಗೆ ಬಂದವನು ಚೀಲ ಇಳಿಸಿ ಮೊದಲು ಹೋದದ್ದು ತೋಟಕ್ಕೆ. ಬುಡದಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದ ಕಾಯಿ, ಅಷ್ಟೆ. ಮೇಲೆ ಕೊನೆಗಳು ಹಸುರಾಗಿ ತೂಗುತ್ತಿದ್ದವು. ಅಮ್ಮ ಹಿಂದಿನಿಂದ ಬಂದು ‘ಈ ಸಲ ನೀನು ಲಂಕೆಯಲ್ಲಿ ಏನು ನೋಡಿದೆ, ಹೇಳು’ ಎಂದರು. 2018ರಲ್ಲಿ ಅವರು ಅದನ್ನು ಕೇಳಿರಲೇ ಇಲ್ಲ.

ಬರುವ ಸೋಣ ಕಳೆದ ಮೇಲೆ ಆಚೆಮನೆಯವರ ಸರದಿ. ಅವರ ತೋಟ, ಅವರ ಎರಡು ದನ ನನ್ನ ಜವಾಬ್ದಾರಿ. ಒಂದು ದನ ಕರೆಯುವುದು ಉಂಟು, ಆದ್ದರಿಂದ ಮುಯ್ಯಿಯಲ್ಲಿ ನನಗೆ ಸ್ವಲ್ಪ ನಷ್ಟ. ಚಿಂತಿಲ್ಲ.